ಶಿಥಿಲಗೊಂಡ ಕಟ್ಟಡಗಲ್ಲಿನ ಸವೆತ ಪರೀಕ್ಷೆ: ಮೇಲ್ಪದರ ಕಳೆದುಕೊಳ್ಳದೆ ಮಾಡುವ ಕ್ರಮ

ಸವೆತ ಪರೀಕ್ಷೆಯ (ಕಲ್ಲನ್ನು ಯಂತ್ರದಲ್ಲಿ ಉಜ್ಜಿ ಎಷ್ಟು ಸವೆಯುತ್ತದೆ ಎಂದು ಅಳೆಯುವ ಪರೀಕ್ಷೆ) ವರದಿ ಹಿಡಿದು ಬರುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: ನೆಲದ ಕಲ್ಲು ಕಾಲಿಟ್ಟಲ್ಲೆಲ್ಲ ಪುಡಿಯಾಗುತ್ತಿದೆ, ವರದಿಯಲ್ಲಿ ಮಾತ್ರ ಹೊಸ ಕಲ್ಲಿನಷ್ಟೇ ಗಟ್ಟಿ ಎಂದು ಬಂದಿದೆ, ಯಂತ್ರ ಕೆಟ್ಟಿದೆಯೇ? ಯಂತ್ರ ಬಹುಮಟ್ಟಿಗೆ ಸರಿಯಾಗಿಯೇ ಇರುತ್ತದೆ. ಶಿಥಿಲವಾದ ಪದರ ಯಂತ್ರದವರೆಗೆ ತಲುಪಿರುವುದಿಲ್ಲ, ಅಷ್ಟೆ. ಕತ್ತರಿಸುವಾಗ ಸ್ವಲ್ಪ, ಮಟ್ಟ ಮಾಡುವಾಗ ಉಳಿದದ್ದು ಹೋಗಿ, ಕೊನೆಗೆ ಪರೀಕ್ಷೆಗೆ ಕೂರುವುದು ಒಳಗಿನ ಗಟ್ಟಿ ಕಲ್ಲು.

ಚಾಲ್ತಿಯಲ್ಲಿರುವ ವಿಧಾನಗಳನ್ನು ಬರೆದಿರುವುದು ಹೊಸ ಕಲ್ಲಿಗೆ. ಅಲ್ಲಿ ಮೇಲಿನ ಮಿಲಿಮೀಟರಿಗೂ ಕೆಳಗಿನ ಮಿಲಿಮೀಟರಿಗೂ ಹೆಚ್ಚು ವ್ಯತ್ಯಾಸವಿಲ್ಲ, ಆದ್ದರಿಂದ ಒಂದು ಅಂಕಿ ಸಾಕು. ಗಾಳಿ, ಮಳೆ, ಉಪ್ಪು ತಿಂದ ಕಲ್ಲು ಹಾಗಲ್ಲ. ಅದರ ಗಟ್ಟಿತನ ಆಳದ ಜೊತೆ ಬದಲಾಗುತ್ತದೆ. ನಾವು ಅಳೆಯಬೇಕಾದದ್ದು ಆ ಬದಲಾವಣೆಯನ್ನು. ಕೆಳಗಿನ ಹಂತಗಳ ಕ್ರಮವನ್ನು ಇದಕ್ಕಾಗಿಯೇ ಹೊಂದಿಸಿದೆ. ಒಂದನ್ನು ಹಿಂದೆ ಮುಂದೆ ಮಾಡಿದರೂ ಮಾದರಿ ಹಾಳಾಗುತ್ತದೆ, ಮತ್ತೆ ಸಿಗುವುದಿಲ್ಲ.

ಕೈಯಲ್ಲಿ ಇರಬೇಕಾದ ಸಲಕರಣೆ

ಸವೆತ ಯಂತ್ರವಲ್ಲದೆ ಬೇಕಾದವು: 0.1 ಗ್ರಾಂ ಅಥವಾ ಅದಕ್ಕಿಂತ ಸೂಕ್ಷ್ಮವಾಗಿ ತೋರಿಸುವ ತಕ್ಕಡಿ, 0.01 ಮಿ.ಮೀ. ಓದುವ ಡಯಲ್ ಗೇಜ್ ಮತ್ತು ಅದಕ್ಕೊಂದು ಗಟ್ಟಿ ಸ್ಟ್ಯಾಂಡ್, ವರ್ನಿಯರ್ ಕ್ಯಾಲಿಪರ್, ತಾಪಮಾನವನ್ನು 40 °ಸೆ.ನಲ್ಲಿ ಸ್ಥಿರವಾಗಿ ಹಿಡಿಯಬಲ್ಲ ಓವನ್, ಸಿಲಿಕಾ ಜೆಲ್ ಹಾಕಿದ ಡೆಸಿಕೇಟರ್ (ತೇವ ತಾಗದಂತೆ ತುಂಡು ಇಡುವ ಮುಚ್ಚಿದ ಪಾತ್ರೆ), ಮೃದು ಬ್ರಷ್, ಕಾರ್ಬನ್ ಕಾಗದ, ವಜ್ರದ ಅಲಗಿನ ಗರಗಸ.

ಉಜ್ಜುಪುಡಿ ಬಿಳಿ ಕೊರಂಡಮ್ (ಅಲ್ಯುಮಿನಿಯಂ ಆಕ್ಸೈಡಿನ ಗಟ್ಟಿ ಪುಡಿ) ಆಗಿರಲಿ, ಕಣದ ಗಾತ್ರ 80ನೇ ನಂಬರ್. ಖನಿಜಗಳ ಗಟ್ಟಿತನ ಹೇಳುವ ಮೋಸ್ ಮಾಪಕದಲ್ಲಿ ಕೊರಂಡಮ್ 9, ಕ್ವಾರ್ಟ್ಜ್ 7. ಮರಳನ್ನು ಬಳಸಿದರೆ ಗ್ರಾನೈಟಿನ ಕ್ವಾರ್ಟ್ಜ್ ಕಣಗಳನ್ನು ಅದು ಸರಿಯಾಗಿ ಕೊರೆಯುವುದಿಲ್ಲ. ಸುತ್ತಲಿನ ಮೆದು ಖನಿಜ ಮಾತ್ರ ಹೋಗಿ ಫಲಿತಾಂಶ ಓರೆಯಾಗುತ್ತದೆ.

ಕಲ್ಲಿನ ಸಣ್ಣ ದೂಳಿನಲ್ಲಿರುವ ಸಿಲಿಕಾ ಶ್ವಾಸಕೋಶಕ್ಕೆ ಇಳಿದರೆ ಹೊರಬರುವುದಿಲ್ಲ. ಅದರಿಂದ ಬರುವ ಸಿಲಿಕೋಸಿಸ್ ವಾಸಿಯಾಗುವ ಕಾಯಿಲೆಯೂ ಅಲ್ಲ. ಬಟ್ಟೆ ಕಟ್ಟಿಕೊಂಡು ಕೆಲಸ ಮಾಡಬೇಡಿ. ಸೂಕ್ಷ್ಮ ಕಣ ತಡೆಯುವ, ಮುಖಕ್ಕೆ ಸರಿಯಾಗಿ ಕೂರುವ ರೆಸ್ಪಿರೇಟರ್ ಮತ್ತು ದೂಳು ಹೀರುವ ವ್ಯವಸ್ಥೆ ಎರಡೂ ಬೇಕು.

ಹಂತ 1: ಶಿಥಿಲ ಪದರ ಎಷ್ಟು ಆಳವಿದೆ ಎಂದು ಮೊದಲು ತಿಳಿಯಿರಿ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು. ಪದರದ ಆಳ ಗೊತ್ತಿಲ್ಲದೆ ಯಂತ್ರವನ್ನೂ ಆರಿಸಲಾಗದು, ಫಲಿತಾಂಶವನ್ನೂ ಓದಲಾಗದು.

ಪರೀಕ್ಷಿಸಬೇಕಾದ ಹಾಸುಗಲ್ಲಿನದೇ ಒಂದು ಒಡಕು ತುಂಡನ್ನು ಅಡ್ಡಲಾಗಿ ಸೀಳಿ. ಒಡೆದ ಮುಖದ ಮೇಲೆ ಮೇಲಿನಿಂದ ಕೆಳಕ್ಕೆ ಹನಿ ಹನಿಯಾಗಿ ನೀರು ಬಿಡಿ. ಶಿಥಿಲವಾದ ಭಾಗ ಹನಿಯನ್ನು ಬೇಗ ಕುಡಿಯುತ್ತದೆ, ಗಟ್ಟಿ ಭಾಗದ ಮೇಲೆ ಹನಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ಮರಳುಗಲ್ಲು, ಸುಣ್ಣಕಲ್ಲುಗಳಲ್ಲಿ ಈ ಗಡಿ ಕಣ್ಣಿಗೆ ಚೆನ್ನಾಗಿ ಕಾಣುತ್ತದೆ. ಆಮೇಲೆ ಉಕ್ಕಿನ ಸೂಜಿಯಿಂದ ಗೀರಿ. ಗೀರು ಎಲ್ಲಿ ಸಣ್ಣದಾಗುತ್ತದೆಯೋ ಅಲ್ಲಿ ಪೆನ್ಸಿಲ್ ಗುರುತು ಹಾಕಿ, ಅಳತೆಪಟ್ಟಿ ಇಟ್ಟು ಫೋಟೊ ತೆಗೆಯಿರಿ.

ಗ್ರಾನೈಟಿನಲ್ಲಿ ನೋಡಬೇಕಾದದ್ದು ಅದರಲ್ಲಿ ಹೇರಳವಾಗಿರುವ ಖನಿಜ ಫೆಲ್ಡ್‌ಸ್ಪಾರ್. ತಾಜಾ ಫೆಲ್ಡ್‌ಸ್ಪಾರ್ ಬೆಳಕಿಗೆ ಹಿಡಿದರೆ ಮಿನುಗುತ್ತದೆ. ಜೇಡಿಯಾಗುತ್ತಿರುವುದು ಮಂಕಾಗಿ ಸುಣ್ಣದಂತೆ ಕಾಣುತ್ತದೆ, ಸೂಜಿಗೆ ಪುಡಿಯಾಗುತ್ತದೆ. ಕಪ್ಪು ಅಭ್ರಕದ ಸುತ್ತ ತುಕ್ಕಿನ ಬಣ್ಣದ ಉಂಗುರವಿದ್ದರೆ ನೀರು ಅಲ್ಲಿಯವರೆಗೆ ಹೋಗಿದೆ ಎಂದರ್ಥ.

ಅಮೃತಶಿಲೆಯ ಹಾನಿ ಮಾತ್ರ ಕಣ್ಣಿಗೆ ಮೋಸ ಮಾಡುತ್ತದೆ. ಅದರಲ್ಲಿರುವ ಕ್ಯಾಲ್ಸೈಟ್ ಹರಳು ಬಿಸಿಯಾದಾಗ ಒಂದು ದಿಕ್ಕಿನಲ್ಲಿ ಹಿಗ್ಗಿ ಅದಕ್ಕೆ ಅಡ್ಡ ದಿಕ್ಕಿನಲ್ಲಿ ಕುಗ್ಗುತ್ತದೆ. ಇದು ಮತ್ತೆ ಮತ್ತೆ ನಡೆದು ಹರಳುಗಳ ನಡುವಿನ ಹಿಡಿತ ಸಡಿಲವಾಗಿ, ಕಲ್ಲು ಸಕ್ಕರೆಯಂತೆ ಉದುರತೊಡಗುತ್ತದೆ. ಹೊರಗೆ ಏನೂ ಕಾಣದಿದ್ದರೂ ಒಳಗೆ ಹಿಡಿತ ಹೋಗಿರಬಹುದು. ಶ್ರವಣಾತೀತ ಧ್ವನಿಯ ವೇಗ ಅಳೆಯುವ ಉಪಕರಣ ಸಿಕ್ಕರೆ ಬಳಸಿ. ತಾಜಾ ಅಮೃತಶಿಲೆಯಲ್ಲಿ ಅದು ಸೆಕೆಂಡಿಗೆ ಸುಮಾರು 5 ಕಿ.ಮೀ. ಅಥವಾ ಹೆಚ್ಚು. 1.5 ಕಿ.ಮೀ.ಗಿಂತ ಕೆಳಗಿಳಿದರೆ ಆ ಕಲ್ಲು ಯಂತ್ರದ ಹಿಡಿಕೆಯಲ್ಲೇ ಒಡೆಯಬಹುದು.

ಹಂತ 2: ಆಳಕ್ಕೆ ತಕ್ಕ ಯಂತ್ರ

ಯುರೋಪಿನ ಇಎನ್ 14157 ಮಾನದಂಡದಲ್ಲಿ ಬರುವ ಎರಡು ವಿಧಾನಗಳು ಈ ಕೆಲಸಕ್ಕೆ ಒದಗುತ್ತವೆ: ಅಗಲ ಚಕ್ರದ ವಿಧಾನ ಮತ್ತು ಬೋಮೆ ತಟ್ಟೆಯ ವಿಧಾನ.

ಅಗಲ ಚಕ್ರದ ಯಂತ್ರದಲ್ಲಿ 200 ಮಿ.ಮೀ. ವ್ಯಾಸ, 70 ಮಿ.ಮೀ. ಅಗಲದ ಉಕ್ಕಿನ ಚಕ್ರ ಒಂದು ನಿಮಿಷದಲ್ಲಿ 75 ಸುತ್ತು ತಿರುಗುತ್ತದೆ. ಮೇಲಿನಿಂದ ಕೊರಂಡಮ್ ಸುರಿಯುತ್ತಿರುತ್ತದೆ. ಕಲ್ಲಿನ ಮೇಲೆ ಬಿದ್ದ ತೋಡಿನ ಅಗಲವೇ ಫಲಿತಾಂಶ. ಇಲ್ಲಿ ಒಂದು ಲೆಕ್ಕ ಮನಸ್ಸಿನಲ್ಲಿರಲಿ. ತೋಡು ಚಕ್ರದ ಕಂಸದ ಆಕಾರದಲ್ಲಿರುವುದರಿಂದ 20 ಮಿ.ಮೀ. ಅಗಲದ ತೋಡು ನಡುವಿನಲ್ಲಿ ಬರೀ 0.5 ಮಿ.ಮೀ. ಆಳ. 30 ಮಿ.ಮೀ. ಅಗಲಕ್ಕೆ 1.1 ಮಿ.ಮೀ., 40ಕ್ಕೆ 2 ಮಿ.ಮೀ. ಅಂದರೆ ಈ ಯಂತ್ರ ತೆಳು ಪದರವನ್ನು ಮಾತ್ರ ಮುಟ್ಟುತ್ತದೆ. ನಿಮ್ಮ ಕಲ್ಲಿನ ಶಿಥಿಲ ಪದರ ಒಂದೆರಡು ಮಿಲಿಮೀಟರ್ ಇದ್ದು, ಮೇಲ್ಮೈ ಮಟ್ಟವಾಗಿದ್ದರೆ ಇದು ಒಳ್ಳೆಯ ಆಯ್ಕೆ. ಆದರೆ ಪುಡಿ ಪುಡಿಯಾಗುವ ಕಲ್ಲಿನಲ್ಲಿ ತೋಡಿನ ಅಂಚು ಕುಸಿಯುತ್ತದೆ. ಎಲ್ಲಿಂದ ಎಲ್ಲಿಗೆ ಅಳೆಯಬೇಕು ಎಂದೇ ತಿಳಿಯುವುದಿಲ್ಲ.

ಬೋಮೆ ಯಂತ್ರದಲ್ಲಿ 71 ಮಿ.ಮೀ. ಚೌಕದ ತುಂಡನ್ನು 294 ನ್ಯೂಟನ್ ಭಾರದಲ್ಲಿ ತಿರುಗುವ ತಟ್ಟೆಯ ಮೇಲೆ ಒತ್ತಿ ಹಿಡಿಯುತ್ತಾರೆ. 22 ಸುತ್ತಿಗೆ ಒಂದು ಆವರ್ತ, ಒಟ್ಟು 16 ಆವರ್ತ, ಪ್ರತಿ ಆವರ್ತಕ್ಕೂ 20 ಗ್ರಾಂ ಹೊಸ ಪುಡಿ, ಪ್ರತಿ ಸಲವೂ ತುಂಡನ್ನು 90 ಡಿಗ್ರಿ ತಿರುಗಿಸಬೇಕು. ಶಿಥಿಲ ಕಲ್ಲಿಗೆ ನನ್ನ ಒಲವು ಇದರ ಕಡೆಗೇ. ಕಾರಣ ಒಂದೇ: ಆವರ್ತ ಆವರ್ತಕ್ಕೂ ನಿಲ್ಲಿಸಿ ತೂಗಬಹುದು, ದಪ್ಪ ಅಳೆಯಬಹುದು. ಕಲ್ಲಿನೊಳಕ್ಕೆ ಹದಿನಾರು ಮೆಟ್ಟಿಲಿಳಿದು ಪ್ರತಿ ಮೆಟ್ಟಿಲಿನಲ್ಲೂ ಏನಿದೆ ಎಂದು ನೋಡಿದ ಹಾಗೆ. ಮುಂದಿನ ಹಂತಗಳನ್ನು ಈ ಯಂತ್ರವನ್ನು ಮನಸ್ಸಿನಲ್ಲಿಟ್ಟೇ ಬರೆದಿದ್ದೇನೆ.

ಎರಡು ಯಂತ್ರಗಳ ಅಂಕಿಗಳನ್ನು ಒಂದೇ ಪಟ್ಟಿಯಲ್ಲಿಟ್ಟು ಹೋಲಿಸಬೇಡಿ. ಒಂದರ ಫಲಿತಾಂಶ ಅಗಲ, ಇನ್ನೊಂದರದ್ದು ಘನಗಾತ್ರ.

ಹಂತ 3: ಮಾದರಿಯನ್ನು ಎಲ್ಲಿಂದ, ಎಷ್ಟು

ಪಾರಂಪರಿಕ ಕಟ್ಟಡವಾದರೆ ಲಿಖಿತ ಅನುಮತಿ ಇಲ್ಲದೆ ಒಂದು ಚೂರನ್ನೂ ತೆಗೆಯಬೇಡಿ. ದುರಸ್ತಿಗೆಂದು ಈಗಾಗಲೇ ಕಿತ್ತಿಟ್ಟ ಹಾಸುಗಲ್ಲುಗಳೇ ಸಾಮಾನ್ಯವಾಗಿ ಸಾಕಾಗುತ್ತವೆ.

ಒಂದು ಗುಂಪಿಗೆ ಆರು ತುಂಡು ಇರಲಿ. ಶಿಥಿಲ ಕಲ್ಲಿನಲ್ಲಿ ತುಂಡಿಂದ ತುಂಡಿಗೆ ವ್ಯತ್ಯಾಸ ಜಾಸ್ತಿ, ಮೂರು ತುಂಡಿನ ಸರಾಸರಿಯನ್ನು ನಂಬಲಾಗದು. ಕಾಲು ಹೆಚ್ಚು ಬೀಳುವ ನಡುಭಾಗ ಮತ್ತು ಗೋಡೆಯಂಚಿನ ಭಾಗ ಎರಡನ್ನೂ ಬೇರೆ ಬೇರೆ ಗುಂಪಾಗಿ ಇಡಿ. ನಡುಭಾಗದ ಶಿಥಿಲ ಪದರವನ್ನು ಜನರ ಕಾಲೇ ಆಗಲೇ ಒಯ್ದಿರುತ್ತದೆ. ಅಲ್ಲಿನ ತುಂಡು ಗಟ್ಟಿ ಎಂದು ಬಂದರೆ ಅದಕ್ಕೆ ಅಚ್ಚರಿ ಪಡಬೇಕಿಲ್ಲ.

ಹೋಲಿಕೆಗೆ ತಾಜಾ ಕಲ್ಲು ಬೇಕೇ ಬೇಕು. ಗಣಿಯಿಂದ ತಂದ ಅದೇ ಹೆಸರಿನ ಕಲ್ಲು ಬೇಡ, ಅದೇ ಗಣಿಯಲ್ಲೂ ಪದರದಿಂದ ಪದರಕ್ಕೆ ಕಲ್ಲು ಬದಲಾಗುತ್ತದೆ. ಅದೇ ಹಾಸಿನ ಹೊಟ್ಟೆಯಿಂದ ತೆಗೆಯಿರಿ. ಅಡಿಯಿಂದ ತೆಗೆಯುವ ತಪ್ಪು ಮಾಡಬೇಡಿ. ನೆಲದ ತೇವ ಮತ್ತು ಉಪ್ಪು ಕೆಳಗಿನಿಂದಲೂ ಕಲ್ಲನ್ನು ತಿನ್ನುತ್ತವೆ.

ತುಂಡು ತೆಗೆಯುವ ಮೊದಲೇ ಅದರ ಮೇಲೆ ಬಾಣದ ಗುರುತು ಹಾಕಿ: ಯಾವುದು ಮೇಲ್ಮೈ, ಕಲ್ಲಿನ ಸಹಜ ಪದರಗಳು ಯಾವ ದಿಕ್ಕಿಗೆ ಇವೆ. ಪದರಕ್ಕೆ ಸಮಾಂತರವಾಗಿ ಸವೆಯುವ ಮರಳುಗಲ್ಲಿಗೂ ಪದರದ ಅಂಚಿನ ಮೇಲೆ ಸವೆಯುವುದಕ್ಕೂ ಅಂಕಿ ಬೇರೆಯೇ ಬರುತ್ತದೆ. ಗುರುತು ಇಲ್ಲದ ತುಂಡು ಕಲೆಸಿಹೋದರೆ ಅದನ್ನು ಎಸೆಯುವುದೊಂದೇ ದಾರಿ.

ಹಂತ 4: ಕತ್ತರಿಸುವುದು, ಮೇಲ್ಮೈ ಮುಟ್ಟದೆ

ಪರೀಕ್ಷೆ ಕೆಡುವುದು ಹೆಚ್ಚಾಗಿ ಈ ಹಂತದಲ್ಲಿ. ಯಂತ್ರಕ್ಕೆ ಮಟ್ಟವಾದ ಮುಖ ಬೇಕು ಎಂಬ ಕಾರಣಕ್ಕೆ ಗರಗಸದವರು ಮೇಲ್ಮೈಯಿಂದ ಎರಡು ಮಿಲಿಮೀಟರ್ ಅರೆದು ಕೊಡುತ್ತಾರೆ. ಅವರ ಕಣ್ಣಿಗೆ ಅದು ಒಳ್ಳೆಯ ಕೆಲಸ. ನಾನೂ ಹಿಂದೊಮ್ಮೆ ಹೀಗೆ ಅರೆದು ಬಂದ ತುಂಡುಗಳನ್ನು ಗಮನಿಸದೆ ಆರಕ್ಕೆ ಆರನ್ನೂ ಪರೀಕ್ಷಿಸಿಬಿಟ್ಟಿದ್ದೆ. ತಾಜಾ ಕಲ್ಲಿಗೂ ಅವಕ್ಕೂ ವ್ಯತ್ಯಾಸವೇ ಬರಲಿಲ್ಲ, ಆ ಮಾದರಿಗಳು ಪೂರಾ ವ್ಯರ್ಥವಾದವು. ಆದ್ದರಿಂದ ಮೇಲ್ಮೈಗೆ ಅಂಟುಪಟ್ಟಿ ಬೇಡ, ಬದಲಿಗೆ ಪಕ್ಕದ ಮೇಲೆ ದಪ್ಪ ಅಕ್ಷರದಲ್ಲಿ "ಈ ಮುಖ ಅರೆಯಬೇಡಿ" ಎಂದು ಬರೆದು ಕೊಡಿ. ಸಾಧ್ಯವಾದರೆ ಪಕ್ಕದಲ್ಲೇ ನಿಲ್ಲಿ. ಅಂಟುಪಟ್ಟಿ ಕೀಳುವಾಗ ಕಣಗಳೂ ಅದರ ಜೊತೆ ಬರುತ್ತವೆ.

ಕ್ರಮ ಹೀಗಿರಲಿ. ಹಾಸಿನ ಮೇಲೆ ಸಹಜವಾಗಿಯೇ ಮಟ್ಟವಾಗಿರುವ ಜಾಗ ಹುಡುಕಿ. ಮೇಲ್ಮೈಯ ಒಟ್ಟಾರೆ ಮಟ್ಟಕ್ಕೆ ಸಮಾಂತರವಾಗಿ ತಳವನ್ನು ಕತ್ತರಿಸಿ, ಮಟ್ಟ ಮಾಡುವುದೇನಿದ್ದರೂ ತಳದಲ್ಲಿ. ಆಮೇಲೆ ನಾಲ್ಕು ಪಕ್ಕಗಳನ್ನು ಅಲಗು ಮೇಲ್ಮೈಯಿಂದ ಒಳಕ್ಕೆ ಇಳಿಯುವಂತೆ ಕತ್ತರಿಸಿ, ಆಗ ಮೇಲಂಚು ಸಿಡಿಯುವುದು ಕಡಿಮೆ.

ನೀರಿನ ವಿಷಯದಲ್ಲಿ ಎಚ್ಚರ. ನೀರು ಹಾಯಿಸಿ ಕತ್ತರಿಸಿದರೆ ದೂಳು ಕಡಿಮೆ, ಆದರೆ ಉಪ್ಪು ತೊಳೆದುಹೋಗುತ್ತದೆ, ಜೇಡಿ ಮೆತ್ತಗಾಗುತ್ತದೆ. ಗ್ರಾನೈಟಿಗೆ ನೀರು ನಡೆಯುತ್ತದೆ. ಉಪ್ಪು ಕೂತ ಮರಳುಗಲ್ಲಿಗೆ ಬೇಡ. ದೂಳು ಹೀರುವ ವ್ಯವಸ್ಥೆಯೊಂದಿಗೆ ಒಣಗರಗಸದಲ್ಲಿ ನಿಧಾನವಾಗಿ ಕತ್ತರಿಸಿ.

ಪಕ್ಕದಿಂದ ಕಣ ಉದುರುವ ಕಲ್ಲಾದರೆ ಪಕ್ಕಗಳಿಗೆ ಗಟ್ಟಿ ಎಪಾಕ್ಸಿ ಅಂಟು ಬಳಿಯಬಹುದು. ಆದರೆ ಮೇಲಂಚಿನಿಂದ 8 ಮಿ.ಮೀ. ಬಿಟ್ಟು ಕೆಳಗೆ ಮಾತ್ರ. ನೀರಿನಂತೆ ಹರಿಯುವ ಎಪಾಕ್ಸಿ ಕಲ್ಲಿನೊಳಗೆ ಏರಿ ಶಿಥಿಲ ಪದರವನ್ನೇ ಗಟ್ಟಿ ಮಾಡಿಬಿಡುತ್ತದೆ.

ಹಂತ 5: ಒಣಗಿಸುವುದು

ಪ್ರಯೋಗಾಲಯದ ರೂಢಿಯಂತೆ 105 °ಸೆ.ಗೆ ಓವನ್ ಇಟ್ಟು ತುಂಡುಗಳನ್ನು ಒಳಗೆ ಹಾಕಬೇಡಿ. ಮಾಲಿನ್ಯಕ್ಕೆ ಸಿಕ್ಕ ಸುಣ್ಣಕಲ್ಲಿನ ಮೇಲೆ ಜಿಪ್ಸಮ್ ಪೊರೆ ಕಟ್ಟಿರುತ್ತದೆ. ಜಿಪ್ಸಮಿನ ಹರಳಿನಲ್ಲಿರುವ ನೀರು ಆ ಬಿಸಿಗೆ ಬಿಟ್ಟುಹೋಗುತ್ತದೆ. ನೀವು ಅಳೆಯಬೇಕೆಂದಿದ್ದ ಪೊರೆ ಬೇರೆ ಖನಿಜವಾಗಿ ಪುಡಿಯಾಗುತ್ತದೆ, ತೂಕವೂ ಇಳಿಯುತ್ತದೆ. ಅಮೃತಶಿಲೆಗಂತೂ ಬಿಸಿ ಎಂಬುದೇ ಹಾನಿ.

ಹೊಸ ಕಲ್ಲಿಗೆ 70 °ಸೆ. ಸಾಮಾನ್ಯ. ಶಿಥಿಲ ಕಲ್ಲಿಗೆ 40 °ಸೆ. ದಾಟಬೇಡಿ. ಇಪ್ಪತ್ನಾಲ್ಕು ಗಂಟೆ ಅಂತರದ ಎರಡು ತೂಕಗಳ ವ್ಯತ್ಯಾಸ ಶೇಕಡ 0.1ಕ್ಕಿಂತ ಕಡಿಮೆಯಾಗುವವರೆಗೆ ಕಾಯಿರಿ. ಒಂದು ವಾರ ಹಿಡಿಯಬಹುದು, ಹಿಡಿಯಲಿ. ತಾಜಾ ಹೋಲಿಕೆ ತುಂಡುಗಳನ್ನೂ ಇದೇ ಬಿಸಿಯಲ್ಲಿ ಒಣಗಿಸಬೇಕು. ನಂತರ ಡೆಸಿಕೇಟರ್‌ನಲ್ಲಿ ಕೋಣೆಯ ತಾಪಕ್ಕೆ ತಣಿಸಿ. ಬಿಸಿ ತುಂಡನ್ನು ತಕ್ಕಡಿಯಲ್ಲಿಟ್ಟರೆ ಓದು ಅಲುಗಾಡುತ್ತದೆ.

ಹಂತ 6: ಉದುರನ್ನು ಬೇರೆಯಾಗಿ ತೂಗಿ

ಶಿಥಿಲ ಕಲ್ಲಿನ ಮೇಲೆ ಮುಟ್ಟಿದರೆ ಬರುವ ಸಡಿಲ ಕಣಗಳಿರುತ್ತವೆ. ಅವು ಸವೆತವಲ್ಲ, ಉದುರು. ಇದನ್ನು ಮೊದಲ ಆವರ್ತದ ನಷ್ಟದೊಳಗೆ ಸೇರಿಸಿದರೆ ಲೆಕ್ಕ ಕೆಡುತ್ತದೆ. ಯಾರಿಗೂ ಹೇಳದೆ ಒರೆಸಿ ಎಸೆದರೂ ಕೆಡುತ್ತದೆ.

ತುಂಡನ್ನು ತೂಗಿ, ಬಿಳಿ ಕಾಗದದ ಮೇಲೆ ಓರೆಯಾಗಿ ಹಿಡಿದು ಮೃದು ಬ್ರಷ್‌ನಿಂದ ಹತ್ತು ಸಲ ಒಂದೇ ದಿಕ್ಕಿಗೆ ಎಳೆಯಿರಿ. ಮತ್ತೆ ತೂಗಿ. ವ್ಯತ್ಯಾಸವನ್ನು "ಉದುರು" ಎಂದು ಬರೆದಿಡಿ. ಎಲ್ಲ ತುಂಡುಗಳಿಗೂ ಅದೇ ಬ್ರಷ್, ಅದೇ ಕೈ, ಅಷ್ಟೇ ಸಲ.

ಈಗ ಮುಖ ತಟ್ಟೆಗೆ ಎಷ್ಟು ತಾಗುತ್ತದೆ ಎಂದು ನೋಡಿ. ಗಾಜಿನ ಮೇಲೆ ಕಾರ್ಬನ್ ಕಾಗದ ಹಾಸಿ ತುಂಡನ್ನು ಮೆಲ್ಲಗೆ ಒತ್ತಿದರೆ ತಾಗಿದ ಜಾಗ ಕಪ್ಪಾಗುತ್ತದೆ. ಅರ್ಧಕ್ಕಿಂತ ಕಡಿಮೆ ತಾಗಿದರೆ ಮೊದಲ ಒಂದೆರಡು ಆವರ್ತಗಳ ಅಂಕಿ ಉಬ್ಬುಗಳದ್ದು ಮಾತ್ರ, ಪದರದ್ದಲ್ಲ. ಆ ಅಂಕಿಯನ್ನು ಬಿಡಬೇಡಿ, "ಕೂರುವ ಆವರ್ತ" ಎಂದು ಗುರುತಿಸಿ ಇಟ್ಟುಕೊಳ್ಳಿ.

ಹಂತ 7: ಸವೆಸುವುದು

ಮೊದಲು ಗುಣ ಗೊತ್ತಿರುವ ಒಂದು ಆಧಾರ ಕಲ್ಲನ್ನು ಯಂತ್ರಕ್ಕೆ ಹಾಕಿ. ದಿನದ ಕೊನೆಯಲ್ಲೂ ಅದನ್ನೇ ಹಾಕಿ. ಎರಡೂ ಅಂಕಿ ಹೊಂದದಿದ್ದರೆ ಆ ದಿನದ ಕೆಲಸವನ್ನು ಮತ್ತೆ ನೋಡಬೇಕು.

ಆಮೇಲೆ ಪ್ರತಿ ತುಂಡಿಗೂ ಇದೇ ವರಸೆ:

1. ತುಂಡಿನ ತಳಕ್ಕೆ ಗಾಜು ಇಟ್ಟು, ಮೇಲ್ಮುಖದ ಒಂಬತ್ತು ಗೊತ್ತುಪಡಿಸಿದ ಬಿಂದುಗಳಲ್ಲಿ ಡಯಲ್ ಗೇಜಿನಿಂದ ದಪ್ಪ ಓದಿ, ತೂಕ ಬರೆಯಿರಿ.
2. ತಟ್ಟೆಯನ್ನು ಪೂರ್ತಿ ಗುಡಿಸಿ, 20 ಗ್ರಾಂ ಪುಡಿಯನ್ನು ತಟ್ಟೆಯಲ್ಲಿ ತುಂಡು ಉಜ್ಜುವ ಪಟ್ಟಿಯ ಮೇಲೆ ಸಮನಾಗಿ ಹರಡಿ.
3. ತುಂಡನ್ನು ಹಿಡಿಕೆಯಲ್ಲಿ ಕೂರಿಸಿ, ಭಾರ ಇಳಿಸಿ, 22 ಸುತ್ತು ಬಿಡಿ. ಭಾರವನ್ನು ಧಡ್ ಎಂದು ಬಿಡಬೇಡಿ, ಆ ಹೊಡೆತಕ್ಕೆ ಮೂಲೆ ಹಾರುತ್ತದೆ.
4. ತುಂಡು ತೆಗೆದು ಬ್ರಷ್‌ನಿಂದ ಪುಡಿ ತೆಗೆಯಿರಿ. ರಂಧ್ರಗಳಿರುವ ಕಲ್ಲಿನಲ್ಲಿ ಕೊರಂಡಮ್ ಒಳಗೇ ಕೂತು ತೂಕ ಕೂಡಿಸುತ್ತದೆ. ಮುಖ ಕೆಳಗೆ ಮಾಡಿ ಮೆಲ್ಲಗೆ ತಟ್ಟಿ, ಸಣ್ಣ ಒತ್ತಡದ ಗಾಳಿ ಊದಿ.
5. ತೂಗಿ, ದಪ್ಪ ಓದಿ, 90 ಡಿಗ್ರಿ ತಿರುಗಿಸಿ ಮತ್ತೆ 2ಕ್ಕೆ ಹೋಗಿ.

ಮಾನದಂಡದ ಪ್ರಕಾರ ನಾಲ್ಕು ನಾಲ್ಕು ಆವರ್ತಕ್ಕೊಮ್ಮೆ ತೂಗಿದರೂ ನಡೆದೀತು ಎಂದು ಹಲವರು ಬಿಡುತ್ತಾರೆ. ಕೊನೆಯ ಎಂಟು ಆವರ್ತಗಳಲ್ಲಿ ನಾನೂ ಹಾಗೆ ಮಾಡುತ್ತೇನೆ. ಮೊದಲ ಎಂಟರಲ್ಲಿ ಮಾತ್ರ ಒಂದನ್ನೂ ಬಿಡಬೇಡಿ, ಶಿಥಿಲ ಪದರದ ವಿವರವೆಲ್ಲ ಅಲ್ಲೇ ಇರುತ್ತದೆ.

ಮಳೆ ಬೀಳುವ ಅಂಗಳದ ಕಲ್ಲಾದರೆ ನೆನೆಸಿದ ತುಂಡುಗಳ ಇನ್ನೊಂದು ಗುಂಪನ್ನೂ ಪರೀಕ್ಷಿಸಿ. ಜೇಡಿ ಬೆರೆತ ಮರಳುಗಲ್ಲು ಒದ್ದೆಯಾದಾಗ ಬಲ ಕಳೆದುಕೊಳ್ಳುತ್ತದೆ. ಅಲ್ಲಿ ತೂಕ ನಂಬಬೇಡಿ, ನೀರಿನ ತೂಕ ಏರಿಳಿಯುತ್ತಿರುತ್ತದೆ. ದಪ್ಪದ ಓದು ಮಾತ್ರ ತೆಗೆದುಕೊಳ್ಳಿ.

ಹಂತ 8: ಲೆಕ್ಕ, ಸರಿಯಾದ ಸಾಂದ್ರತೆಯಿಂದ

ತೂಕದ ನಷ್ಟವನ್ನು ಸಾಂದ್ರತೆಯಿಂದ ಭಾಗಿಸಿದರೆ ಘನಗಾತ್ರದ ನಷ್ಟ. ತೊಂದರೆ ಇರುವುದು ಯಾವ ಸಾಂದ್ರತೆ ಎಂಬಲ್ಲಿ. ಶಿಥಿಲ ಪದರದಲ್ಲಿ ರಂಧ್ರ ಹೆಚ್ಚು, ಸಾಂದ್ರತೆ ಕಡಿಮೆ. ಇಡೀ ತುಂಡಿನ ಸಾಂದ್ರತೆ ಹಾಕಿದರೆ ಮೇಲ್ಪದರದ ಸವೆತ ಇದ್ದುದಕ್ಕಿಂತ ಕಡಿಮೆ ಕಾಣುತ್ತದೆ.

ಒಂದು ಉದಾಹರಣೆ ಲೆಕ್ಕ ಹಾಕೋಣ. ಮೊದಲ ನಾಲ್ಕು ಆವರ್ತದಲ್ಲಿ 12 ಗ್ರಾಂ ಹೋಯಿತು ಎನ್ನಿ. ತುಂಡಿನ ಸಾಂದ್ರತೆ 2.6 ಹಾಕಿದರೆ ನಷ್ಟ 4.6 ಘನ ಸೆಂ.ಮೀ., 50.4 ಚದರ ಸೆಂ.ಮೀ. ಮುಖದ ಮೇಲೆ 0.92 ಮಿ.ಮೀ. ಪದರದ ನಿಜವಾದ ಸಾಂದ್ರತೆ 2.3 ಆಗಿದ್ದರೆ 5.2 ಘನ ಸೆಂ.ಮೀ., ಅಂದರೆ 1.04 ಮಿ.ಮೀ.

ಪದರದ ಸಾಂದ್ರತೆಗೆ ಬೇರೆ ಪರೀಕ್ಷೆ ಬೇಕಿಲ್ಲ. ನೀವು ತೂಕ ಮತ್ತು ದಪ್ಪ ಎರಡನ್ನೂ ಬರೆದಿದ್ದೀರಿ. ಆವರ್ತದ ತೂಕನಷ್ಟವನ್ನು ಅದೇ ಆವರ್ತದ ದಪ್ಪನಷ್ಟ ಮತ್ತು ಮುಖದ ವಿಸ್ತೀರ್ಣದ ಗುಣಲಬ್ಧದಿಂದ ಭಾಗಿಸಿದರೆ ಆ ಆಳದ ಸಾಂದ್ರತೆ ಸಿಗುತ್ತದೆ. ಕೂರುವ ಆವರ್ತಗಳನ್ನು ಈ ಲೆಕ್ಕದಿಂದ ಹೊರಗಿಡಿ.

ಹಂತ 9: ಗೆರೆಯನ್ನು ಓದುವುದು

ಅಡ್ಡ ರೇಖೆಯಲ್ಲಿ ಆವರ್ತ, ಲಂಬ ರೇಖೆಯಲ್ಲಿ ಆ ಆವರ್ತದ ನಷ್ಟ ಇಟ್ಟು ಗೆರೆ ಎಳೆಯಿರಿ. ತಾಜಾ ಕಲ್ಲಿನದ್ದನ್ನೂ ಅದೇ ಹಾಳೆಯಲ್ಲಿ ಎಳೆಯಿರಿ. ಮುಖ್ಯವಾಗಿ ಮೂರು ಬಗೆ ಕಾಣುತ್ತವೆ.

ಎತ್ತರದಿಂದ ಶುರುವಾಗಿ ಇಳಿಯುತ್ತ ಬಂದು ತಾಜಾ ಕಲ್ಲಿನ ಗೆರೆಗೆ ಸೇರಿದರೆ, ಮೇಲೆ ಮಾತ್ರ ಹಾಳಾಗಿದೆ, ಒಳಗೆ ಕಲ್ಲು ಚೆನ್ನಾಗಿದೆ. ಎರಡು ಗೆರೆ ಸೇರುವ ಆವರ್ತದವರೆಗೆ ಸವೆದ ಒಟ್ಟು ದಪ್ಪವೇ ಶಿಥಿಲ ಪದರದ ದಪ್ಪ. ಹಂತ 1ರಲ್ಲಿ ಸೂಜಿಯಿಂದ ಕಂಡದ್ದಕ್ಕೆ ಇದು ಹತ್ತಿರವಿರಬೇಕು.

ಗೆರೆ ಕೊನೆಯವರೆಗೂ ಎತ್ತರದಲ್ಲೇ ಉಳಿದರೆ ಕಲ್ಲು ಆಳದವರೆಗೂ ಹೋಗಿದೆ, ಇಲ್ಲವೇ ಪರೀಕ್ಷೆ ಪದರ ದಾಟಿಲ್ಲ. ಸೀಳಿದ ತುಂಡು ನೋಡಿದರೆ ಯಾವುದು ಎಂದು ಗೊತ್ತಾಗುತ್ತದೆ.

ಮೂರನೆಯದು ಅಪಾಯಕಾರಿ. ಶುರುವಿನಲ್ಲಿ ನಷ್ಟ ಕಡಿಮೆ, ನಡುವೆ ಎಲ್ಲೋ ಒಮ್ಮೆಲೇ ಏರುತ್ತದೆ. ಮರಳುಗಲ್ಲಿನಲ್ಲಿ ಒಳಗಿನ ಬಂಧಕ ವಸ್ತು ನೀರಿನ ಜೊತೆ ಹೊರಬಂದು ಮೇಲ್ಮೈಯಲ್ಲಿ ಗಟ್ಟಿ ಚಿಪ್ಪಾಗಿ ಕೂತಾಗ, ಚಿಪ್ಪಿನ ಕೆಳಗೆ ಕಲ್ಲು ಬಡವಾಗುತ್ತದೆ. ಸುಣ್ಣಕಲ್ಲಿನ ಕಪ್ಪು ಪೊರೆಯ ಕೆಳಗೂ ಹೀಗೆ ಪುಡಿ ಇರುವುದುಂಟು. ಒಟ್ಟು ನಷ್ಟದ ಒಂದೇ ಅಂಕಿ ಕೊಟ್ಟರೆ ಈ ಕಲ್ಲೂ ಮೊದಲ ಬಗೆಯ ಕಲ್ಲೂ ಒಂದೇ ಸಮ ಎಂದು ಕಾಣಬಹುದು. ಮೊದಲನೆಯದು ಸವೆಯುತ್ತ ಹೋದಂತೆ ಗಟ್ಟಿಯಾಗುತ್ತದೆ. ಇದು ಚಿಪ್ಪು ಇರುವವರೆಗೆ ತಡೆದು, ಚಿಪ್ಪು ಒಡೆದ ಕಡೆ ಗುಳಿ ಬೀಳುತ್ತದೆ. ದುರಸ್ತಿ ಮಾಡುವವರು ಮೊದಲನೆಯದನ್ನು ಅರೆದು ಮಟ್ಟ ಮಾಡಬಹುದು, ಇದನ್ನು ಅರೆದರೆ ನೆಲವೇ ಹೋಯಿತು.

ಕೆಲಸ ನಿಲ್ಲಿಸಬೇಕಾದ ಗುರುತುಗಳು

ತುಂಡಿನ ಒಂದು ಬದಿ ಹೆಚ್ಚು ಸವೆದು ಬೆಣೆಯಾಕಾರ ಬಂದರೆ ಹಿಡಿಕೆ ಓರೆಯಾಗಿದೆ, ಇಲ್ಲವೇ ತುಂಡನ್ನು ತಿರುಗಿಸುವುದು ಮರೆತಿದ್ದೀರಿ. ಆವರ್ತದ ನಂತರ ತೂಕ ಹೆಚ್ಚಾದರೆ ಪುಡಿ ರಂಧ್ರದಲ್ಲಿ ಕೂತಿದೆ ಅಥವಾ ಕಲ್ಲು ಗಾಳಿಯ ತೇವ ಎಳೆದಿದೆ. ಮೇಲ್ಮೈ ಹೊಳೆಯತೊಡಗಿ, ಅಂಟಿನಂಥ ವಾಸನೆ ಬಂದರೆ ಹಿಂದೆ ಯಾರೋ ರಾಳ ಬಳಿದಿದ್ದಾರೆ. ಅಂಥ ತುಂಡುಗಳನ್ನು ಬೇರೆ ಗುಂಪು ಮಾಡಿ.

ಚೂರಿನ ಗಾತ್ರ ನೋಡುತ್ತಿರಿ. ಸವೆತದಲ್ಲಿ ಬರುವುದು ಹಿಟ್ಟು. ಅಕ್ಕಿಕಾಳಿನಷ್ಟು ಚೂರು ಬಂದರೆ ಕಲ್ಲು ಸವೆಯುತ್ತಿಲ್ಲ, ಒಡೆಯುತ್ತಿದೆ. ಆ ಆವರ್ತದ ಅಂಕಿಯ ಪಕ್ಕ ಹಾಗೆಂದೇ ಬರೆಯಿರಿ.

ಶಿಥಿಲ ಕಲ್ಲು ಸಿಗದಿದ್ದರೆ

ತಾಜಾ ಕಲ್ಲನ್ನು ಪ್ರಯೋಗಾಲಯದಲ್ಲೇ ಶಿಥಿಲಗೊಳಿಸಿ ಪರೀಕ್ಷಿಸಬಹುದು. ಇಎನ್ 12370ರಲ್ಲಿ ಕಲ್ಲನ್ನು ಸೋಡಿಯಂ ಸಲ್ಫೇಟ್ ದ್ರಾವಣದಲ್ಲಿ ನೆನೆಸಿ ಒಣಗಿಸುವುದನ್ನು 15 ಸಲ ಮಾಡುತ್ತಾರೆ. ಇಎನ್ 14066ರಲ್ಲಿ ಓವನ್ನಿನ ಬಿಸಿ ಮತ್ತು ನೀರಿನ ನಡುವೆ 20 ಸಲ ಓಡಾಡಿಸುತ್ತಾರೆ. ಉಪ್ಪಿನ ಪರೀಕ್ಷೆಯ ನಂತರ ತುಂಡುಗಳನ್ನು ತೊಳೆಯುವ ಮೊದಲೊಂದು, ತೊಳೆದ ಮೇಲೊಂದು ಗುಂಪನ್ನು ಸವೆಸಿ. ರಂಧ್ರದಲ್ಲಿ ಕೂತ ಉಪ್ಪು ಕಣಗಳನ್ನು ತಾತ್ಕಾಲಿಕವಾಗಿ ಹಿಡಿದಿಡುತ್ತದೆ, ತೊಳೆದಾಗ ನಿಜ ಗೊತ್ತಾಗುತ್ತದೆ. ಇಷ್ಟು ಆವರ್ತ ಎಂದರೆ ಇಷ್ಟು ವರ್ಷ ಎಂದು ಮಾತ್ರ ಎಲ್ಲೂ ಬರೆಯಬೇಡಿ.

ವರದಿಯಲ್ಲಿ ಬರೆಯಬೇಕಾದದ್ದು

ಸರಾಸರಿ ಅಂಕಿಯ ಜೊತೆಗೆ ಆರೂ ತುಂಡುಗಳ ಗೆರೆಗಳನ್ನು ಕೊಡಿ. ತುಂಡು ತೆಗೆದ ಜಾಗ, ಪದರದ ದಿಕ್ಕು, ಒಣಗಿಸಿದ ತಾಪ, ಒಣ ಅಥವಾ ಒದ್ದೆ, ಉದುರಿನ ತೂಕ, ಕೂರುವ ಆವರ್ತಗಳು ಯಾವುವು, ಮಾನದಂಡದಿಂದ ಎಲ್ಲೆಲ್ಲಿ ಬೇರೆಯಾಗಿ ನಡೆದಿರಿ ಎಂಬುದನ್ನೂ ಬರೆಯಿರಿ. 40 °ಸೆ.ನಲ್ಲಿ ಒಣಗಿಸಿ, ಮೇಲ್ಮೈ ಅರೆಯದೆ ಮಾಡಿದ ಪರೀಕ್ಷೆಯನ್ನು ಮಾನದಂಡದ ಪರೀಕ್ಷೆ ಎಂದು ಕರೆಯಲಾಗದು. "ಆ ವಿಧಾನವನ್ನು ಆಧರಿಸಿ, ಈ ಬದಲಾವಣೆಗಳೊಂದಿಗೆ" ಎಂದು ನಮೂದಿಸಿ. ಕೊನೆಯಲ್ಲಿ ಪರೀಕ್ಷೆಗೆ ಮೊದಲು ಮತ್ತು ನಂತರ, ಒಂದೇ ಬೆಳಕಿನಲ್ಲಿ ಪಕ್ಕದಿಂದ ತೆಗೆದ ಫೋಟೊ ಸೇರಿಸಿ. ಪರೀಕ್ಷೆಯಾದ ತುಂಡುಗಳನ್ನು ಕನಿಷ್ಠ ದುರಸ್ತಿ ಕೆಲಸ ಮುಗಿಯುವವರೆಗೆ ಹೆಸರು ಬರೆದು ಎತ್ತಿಡಿ.